ಸಂಭವ ಕಲಿಸಲು ಹೋದ ಒಂದು ತಿಂಗಳು

ನನ್ನ ಪಾಡಿಗೆ ನಾನು ಸುಮ್ಮನಿದ್ದರೂ ನಗೆಪಾಟಲಿನ ಸಂಗತಿಗಳು ನನ್ನನ್ನೇ ಹುಡುಕಿಕೊಂಡು ಬರುತ್ತವೆ. ಸುಮ್ಮನಿರುವುದು ಯಾವಾಗ ಎಂದು ನನ್ನ ಹೆಂಡತಿ ಕೇಳುತ್ತಾಳೆ, ಅದು ಬಿಡಿ. ಇಲ್ಲಿ ಬರುವ ಮಾತೆಲ್ಲ ನಮ್ಮ ನೀಲಗಿರಿ ಹಟ್ಟಿಯ ಬಡಗ ನುಡಿಯಲ್ಲಿ, ಅರೆಬರೆ ತಮಿಳಿನಲ್ಲಿ ನಡೆದದ್ದು. ಕನ್ನಡಕ್ಕೆ ತರುವಾಗ ಒಂದು ಚಿಟಿಕೆ ಉಪ್ಪು ಬಿದ್ದಿದ್ದರೆ ನನ್ನ ಕೈ ದೊಡ್ಡದು, ಅಷ್ಟೆ.

೧. ಹೊಸ ಪಾಠ

ಮಂಜೂರಿನಿಂದ ಎರಡು ಮೈಲಿ ಮೇಲೆ, ಟೀ ತೋಟಗಳ ನಡುವಿನ ಶಾಲೆಯಲ್ಲಿ ನಾನು ಲೆಕ್ಕದ ಮೇಷ್ಟ್ರು. ಆ ವರ್ಷ ಏಳನೇ ಕ್ಲಾಸಿನ ಪುಸ್ತಕಕ್ಕೆ ಸಂಭವನೀಯತೆ ಎಂಬ ಹೊಸ ಪಾಠ ಬಂದಿತ್ತು. ಆಗೇ ಆಗುವುದಕ್ಕೆ ಒಂದು, ಆಗದೇ ಇರುವುದಕ್ಕೆ ಸೊನ್ನೆ, ಮಿಕ್ಕ ಲೋಕವೆಲ್ಲ ಅವೆರಡರ ನಡುವೆ.

ಹೆಡ್‌ಮಾಸ್ಟರು ನನ್ನನ್ನು ಕರೆದರು. ತಿಂಗಳ ಕೊನೆಗೆ ಹೊಸ ಇನ್ಸ್‌ಪೆಕ್ಟರು ಬರುತ್ತಾರೆ, ಈ ಪಾಠವನ್ನೇ ಕೇಳುತ್ತಾರೆ, ಮಕ್ಕಳು ಬಾಯಿ ಬಿಡದಿದ್ದರೆ ನಿಮಗೆ ಕೆಳಗೆ ವರ್ಗ ಖಂಡಿತ ಎಂದರು. ನನ್ನ ಮೇಲೆ ಇಲಾಖೆಗೆ ಮೊದಲೇ ಒಂದು ಕಣ್ಣು. ಹಿಂದಿನ ಇನ್ಸ್‌ಪೆಕ್ಟರ ಕೊಡೆಯೊಳಗೆ ಕಪ್ಪೆ ಹೊಕ್ಕಿದ್ದಕ್ಕೆ ನಾನೇ ಕಾರಣ ಎಂದು ಅವರ ನಂಬಿಕೆ. ಕಪ್ಪೆ ತಾನಾಗಿಯೇ ಹೊಕ್ಕಿತು; ನಾನು ಕೊಡೆ ಬಿಚ್ಚಿ ಹಿಡಿದಿದ್ದೆ, ಅಷ್ಟೆ.

ಕೆಳಗೆ ಎಂದರೆ ಮೇಟ್ಟುಪಾಳ್ಯದ ಆಚೆಯ ಬಿಸಿಲು. ನನ್ನ ಮನೆ, ಅಮ್ಮ, ಅರ್ಧ ಎಕರೆ ಟೀ ಎಲ್ಲ ಮೇಲೆ. ಬೆವರು ಎಂಬುದನ್ನು ಅಲ್ಲಿಯವರೆಗೆ ನಾನು ಓದಿ ತಿಳಿದಿದ್ದವನು.

"ಖಂಡಿತ ಅನ್ನೋದಕ್ಕೆ ಆ ಪಾಠದಲ್ಲಿ ಒಂದು ಅಂತಾರೆ ಸಾರ್" ಎಂದೆ.

"ಪಾಠ ಚೆನ್ನಾಗಿ ಓದಿದ್ದೀರಿ. ಇನ್ನು ಹಾಸಿಗೆ ಸುತ್ತೋದು ಕಲೀರಿ" ಎಂದರು.

೨. ಹಿಂದಿನ ಬೆಂಚು

ನಾಣ್ಯ ಚಿಮ್ಮಿಸುವುದರಿಂದ ಶುರು ಮಾಡಿದೆ. ಸಿಂಹ ಬೀಳುತ್ತೋ, ಸಂಖ್ಯೆ ಬೀಳುತ್ತೋ ಹೇಳು ಎಂದರೆ ಮುಂದಿನ ಸಾಲಿನ ಹುಡುಗ ಬಹಳ ವಿನಯದಿಂದ, ನೀವು ಯಾವುದು ಹೇಳ್ತೀರೋ ಅದೇ ಸಾರ್ ಎಂದ.

ಮೂರನೇ ದಿನ ಕ್ಲಾಸಿನ ಒಬ್ಬ ಹುಡುಗಿಯ ಅಜ್ಜ ಬಾಗಿಲಲ್ಲಿ ನಿಂತಿದ್ದರು. ಹಟ್ಟಿಯ ಗುಡಿಯಲ್ಲಿ ಪೂಜೆ ಮಾಡುವವರು. ಬಿಳಿ ಮುಂಡಾಸು, ಕೈಯಲ್ಲಿ ಕೋಲು. ಶಾಲೆಯಲ್ಲಿ ಜೂಜು ಕಲಿಸುತ್ತೀರಂತೆ, ಮೊಮ್ಮಗಳು ಮನೆಯಲ್ಲೂ ನಾಣ್ಯ ಹಾರಿಸುತ್ತಾಳೆ, ಊರಿನ ಹಿರಿಯರನ್ನು ಸೇರಿಸಬೇಕಾಗುತ್ತದೆ ಎಂದರು. ಇನ್ಸ್‌ಪೆಕ್ಟರು ಬರುವ ಮುಂಚೆಯೇ ನನ್ನ ಹಾಸಿಗೆ ಸುತ್ತುವ ಹಾಗೆ ಕಂಡಿತು. ಒಳಗೆ ಬಂದು ನೀವೇ ನೋಡಿ ಎಂದು ಹಿಂದಿನ ಬೆಂಚಿನಲ್ಲಿ ಕೂರಿಸಿದೆ. ಬರೀ ನೋಡಿದರೆ ಸಾಲದು, ನೀವೂ ಹೇಳಿ ಎಂದು ಕೆಣಕಿದೆ.

ಅಜ್ಜ ಹೇಳಿದ್ದು ಏಳು ಸಲವೂ ತಪ್ಪಿತು. ಎಂಟನೆಯದಕ್ಕೆ ಕಣ್ಣು ಮುಚ್ಚಿ ಹೇಳಿದರು. ಅದೂ ತಪ್ಪಿತು. ಮಕ್ಕಳು ನಗದಿರಲು ತುಟಿ ಕಚ್ಚಿಕೊಂಡಿದ್ದವು. ಅವರು ಕೋಲನ್ನು ನಿಧಾನ ಗೋಡೆಗೆ ಒರಗಿಸಿಟ್ಟರು.

"ಇದು ಜೂಜಲ್ಲ ಮೇಷ್ಟ್ರೇ, ಈಗ ನಂಬಿದೆ. ಜೂಜಾಗಿದ್ದರೆ ನಾನು ಇಷ್ಟು ಸೋಲ್ತಿರಲಿಲ್ಲ."

ಮರುದಿನದಿಂದ ಮಕ್ಕಳಿಗಿಂತ ಮೊದಲೇ ಬಂದು ಆ ಬೆಂಚಿನಲ್ಲಿ ಕೂರುತ್ತಿದ್ದರು.

೩. ಬಸ್ಸಿನ ಪಟ್ಟಿ

ಮಕ್ಕಳು ತಾವೇ ನೋಡಿ ಎಣಿಸಿದರೆ ಇನ್ಸ್‌ಪೆಕ್ಟರು ಮೆಚ್ಚಿಯಾರು ಅನಿಸಿತು. ಊಟಿಗೆ ಹೋಗುವ ಬೆಳಗಿನ ಬಸ್ಸು ಒಂಬತ್ತಕ್ಕೆ ಬರಬೇಕು. ಬರುವುದು ದೇವರ ಚಿತ್ತ. ಎರಡು ವಾರ ರಸ್ತೆಬದಿಯಲ್ಲಿ ನಿಂತು, ಹೊತ್ತಿಗೆ ಬಂತೋ ತಡವಾಯಿತೋ ಬರೆದುಕೊಳ್ಳಿ ಎಂದೆ.

ಮೊದಲ ದಿನ ನಲವತ್ತು ನಿಮಿಷ ತಡ. ಎರಡನೆಯ ದಿನ ಐವತ್ತು. ಮಂಜಿನಲ್ಲಿ ಸಾಲಾಗಿ ನಿಂತು ನೋಟುಪುಸ್ತಕದಲ್ಲಿ ಗೀಚುವ ಮಕ್ಕಳನ್ನು ನೋಡಿ ಕಂಡಕ್ಟರಿಗೆ ಅನುಮಾನ ಬಂದು, ನನ್ನನ್ನು ಪಕ್ಕಕ್ಕೆ ಕರೆದು, ಇದೇನು ಬರೆಸುತ್ತಿದ್ದೀರಿ ಎಂದು ಕೇಳಿದ. ಪಾಠ ಎಂದು ಹೇಳಬಹುದಿತ್ತು. ನಾಲಿಗೆ ಕೇಳಬೇಕಲ್ಲ. ದನಿ ತಗ್ಗಿಸಿ, "ಮೇಲಿಂದ ಆರ್ಡರು. ಯಾರಿಗೂ ಹೇಳಬೇಡಿ" ಎಂದೆ.

ಅವತ್ತಿನಿಂದ ಬಸ್ಸು ಒಂಬತ್ತಕ್ಕೆ ಸರಿಯಾಗಿ ಬಂತು. ಗಡಿಯಾರವನ್ನು ಬಸ್ಸು ನೋಡಿ ತಿರುಗಿಸಿಕೊಳ್ಳಬಹುದಿತ್ತು. ನನ್ನ ಪಟ್ಟಿ ಕೆಟ್ಟಿತು. ಅಷ್ಟೇ ಆಗಿದ್ದರೆ ಸರಿ. ಎಂಟು ದಿನ ಕಳೆಯುವಷ್ಟರಲ್ಲಿ ಹಟ್ಟಿಯ ಹತ್ತು ಹೆಂಗಸರು ಕ್ಯಾರೆಟ್ ಮೂಟೆಗಳ ಸಮೇತ ಶಾಲೆಗೆ ಬಂದರು.

"ಏನು ಮಾಡಿದ್ರಿ ಮೇಷ್ಟ್ರೇ ಆ ಬಸ್ಸಿಗೆ?" ಎಂದಳು ಮುಂದಿದ್ದವಳು. "ದಿನಾ ಹೊತ್ತಿಗೆ ಸರಿಯಾಗಿ ಬರುತ್ತೆ, ದಿನಾ ನಮಗೆ ತಪ್ಪಿ ಹೋಗುತ್ತೆ. ಮೊದಲಿನ ಹಾಗೆ ಮಾಡಿಕೊಡಿ."

೪. ಇನ್ಸ್‌ಪೆಕ್ಟರು

ಇನ್ಸ್‌ಪೆಕ್ಟರು ಬಂದೇ ಬಂದರು. ಬಯಲುಸೀಮೆಯ ಮನುಷ್ಯ. ಎರಡು ಸ್ವೆಟರು, ಮಫ್ಲರು, ಮಂಕಿ ಕ್ಯಾಪು. ನಡುವೆ ಒಂದು ಮೂಗು, ಅದೂ ಸೋರುತ್ತಿತ್ತು. ಹೆಡ್‌ಮಾಸ್ಟರು ನನ್ನ ಕಡೆ, ಹೆಣ ಎತ್ತುವ ಮನೆಯನ್ನು ನೋಡುವ ಹಾಗೆ ನೋಡಿದರು.

ಎರಡು ಕಡೆಗೂ ಸಮ ಸಂಭವ ಇರುವ ಒಂದು ಉದಾಹರಣೆ ಹೇಳಿ ಎಂದು ಇನ್ಸ್‌ಪೆಕ್ಟರು ಮಕ್ಕಳನ್ನು ಕೇಳಿದರು. ನಾಣ್ಯ ಎಂದ ಮುಂದಿನ ಸಾಲಿನ ಹುಡುಗ. ಅದು ಪುಸ್ತಕದ್ದು, ನಿಮ್ಮ ಊರಿನದು ಹೇಳಿ ಎಂದರು. ಮಕ್ಕಳೆಲ್ಲ ತಲೆ ಬಗ್ಗಿಸಿ ಪುಸ್ತಕದಲ್ಲೇ ಊರು ಹುಡುಕತೊಡಗಿದವು. ನಾನು ಅಮ್ಮನನ್ನು ನೆನೆದೆ. ಇನ್ಸ್‌ಪೆಕ್ಟರಿಗೇ ಕನಿಕರ ಬಂದಿರಬೇಕು. ತಾವೇ ಎಳೆ ಕೊಟ್ಟರು. ಗುಡಿಯಲ್ಲಿ ದೇವರಿಗೆ ಎಡಗಡೆ ಒಂದು, ಬಲಗಡೆ ಒಂದು ಹೂ ಅಂಟಿಸಿ ವರ ಕೇಳುತ್ತಾರಲ್ಲ, ಬಲಗಡೆಯದು ಮೊದಲು ಬಿದ್ದರೆ ಕೆಲಸ ಆಯಿತು ಅಂತ. ಬಲಗಡೆಯದು ಮೊದಲು ಬೀಳುವ ಸಂಭವ ಎಷ್ಟು? ಅರ್ಧ ತಾನೇ?

ಅಜ್ಜನ ಮೊಮ್ಮಗಳು ಎದ್ದು ನಿಂತಳು.

"ಅಲ್ಲ ಸಾರ್. ನಮ್ಮ ಗುಡೀಲಿ ಒಂದು."

"ಒಂದು ಅಂದರೆ ಖಂಡಿತ ಅಂತ ಅಲ್ವಾ? ಅದು ಹೇಗಮ್ಮ?"

"ಅಜ್ಜ ಎಡಗಡೆ ಹೂವಿಗೆ ಗಂಧ ಜಾಸ್ತಿ ಮೆತ್ತುತ್ತಾರೆ ಸಾರ್. ಅದು ಬೀಳಲ್ಲ."

ಇಡೀ ಕ್ಲಾಸು ಹಿಂದಿನ ಬೆಂಚಿನ ಕಡೆ ತಿರುಗಿತು. ಹೆಡ್‌ಮಾಸ್ಟರು ಕಣ್ಣು ಮುಚ್ಚಿಕೊಂಡರು. ಅಜ್ಜ ಕೋಲೂರಿ ಎದ್ದರು. ಮುಂಡಾಸು ಸರಿ ಮಾಡಿಕೊಂಡರು. ಹಟ್ಟಿಯಲ್ಲಿ ಅವರ ಮುಂದೆ ಯಾರೂ ದನಿ ಎತ್ತುವುದಿಲ್ಲ. ಈಗ ಮೂವತ್ತು ಮಕ್ಕಳು ಅವರ ಮುಖವನ್ನೇ ನೋಡುತ್ತಿದ್ದವು.

"ಹೂ ಕೇಳೋಕೆ ಬರೋರು ಮೊದಲೇ ಹೆದರಿರ್ತಾರೆ ಸ್ವಾಮಿ" ಎಂದರು ಮೆಲ್ಲಗೆ. "ಮಗುವಿಗೆ ಜ್ವರ, ಮಗಳಿಗೆ ಹೆರಿಗೆ. ಅವರನ್ನ ಎಡಗಡೆ ಹೂ ಕೊಟ್ಟು ಮನೆಗೆ ಕಳಿಸೋದಾ?"

ಇನ್ಸ್‌ಪೆಕ್ಟರು ಮಫ್ಲರಿನ ತುದಿಯಿಂದ ಮೂಗು ಒರೆಸಿಕೊಂಡರು. ಆಮೇಲೆ ಕುಳಿತು ಶಾಲೆಯ ತಪಾಸಣೆ ಪುಸ್ತಕದಲ್ಲಿ ಬರೆದರು. ಹೆಡ್‌ಮಾಸ್ಟರು ಅದನ್ನು ಎರಡು ಸಲ ಓದಿ ನನಗೆ ಕೊಟ್ಟರು: ಮಕ್ಕಳು ಪಾಠವನ್ನು ಊರಿನಿಂದಲೇ ಕಲಿತಿದ್ದಾರೆ, ಈ ಮೇಷ್ಟ್ರನ್ನು ಇಲ್ಲಿಂದ ಕದಲಿಸಕೂಡದು.

ಜೀಪಿನವರೆಗೆ ಕಳಿಸಿಕೊಡಲು ನಾನೂ ಅಜ್ಜನೂ ಹೋದೆವು. ಇನ್ಸ್‌ಪೆಕ್ಟರು ಹತ್ತುವವರು ನಿಂತು, ಸುತ್ತ ಒಮ್ಮೆ ನೋಡಿ, ಮಫ್ಲರನ್ನು ಬಾಯಿಂದ ಕೆಳಗಿಳಿಸಿದರು. ಈ ಚಳಿ ನನಗೆ ಒಗ್ಗುತ್ತಿಲ್ಲ, ಕೆಳಗೆ ವರ್ಗ ಕೇಳಿ ಅರ್ಜಿ ಹಾಕಿದ್ದೇನೆ, ನಿಮ್ಮ ಗುಡಿಯಲ್ಲಿ ಹೂ ಕೇಳುವುದಕ್ಕೆ ಯಾವ ವಾರ ಒಳ್ಳೆಯದು ಎಂದು ಅಜ್ಜನನ್ನು ಕೇಳಿದರು.

"ಯಾವ ವಾರವಾದರೂ ಬನ್ನಿ" ಎಂದರು ಅಜ್ಜ. "ಆದರೆ ಹಿಂದಿನ ದಿನ ಹೇಳಿ ಕಳಿಸಿ. ನಿಮ್ಮದು ಸರ್ಕಾರದ ಕೆಲಸ, ಗಂಧ ಜಾಸ್ತಿ ತೇಯಬೇಕಾಗುತ್ತೆ."