ಹೊಗೆಸೊಪ್ಪಿಗೆ ವಯಸ್ಸಿನ ಚೀಟಿ

ಬೇರೆಯವರನ್ನು ತಿದ್ದುವುದರಲ್ಲಿರುವ ಸುಖ ತುಪ್ಪ ಸುರಿದ ಒಬ್ಬಟ್ಟಿನಲ್ಲೂ ಇಲ್ಲ. ಆ ಚಪಲ ನನಗೆ ಹತ್ತಿದ್ದು ಎಪ್ಪತ್ತರ ದಶಕದಲ್ಲಿ, ಹೆಗ್ಗಡದೇವನಕೋಟೆಯ ಬಸ್‌ಸ್ಟ್ಯಾಂಡಿನ ಎದುರು ಬೀಡಿ, ಹೊಗೆಸೊಪ್ಪಿನ ಅಂಗಡಿ ಇಟ್ಟಿದ್ದಾಗ. ಒಂದು ದಿನ ಹೆಡ್‌ಮೇಷ್ಟ್ರು ಬಂದು, "ಮಕ್ಕಳಿಗೆಲ್ಲ ಬೀಡಿ ಮಾರ್ತೀರಲ್ರೀ, ನಾಚಿಕೆ ಆಗಲ್ವಾ?" ಎಂದು ಹತ್ತು ಜನರ ಮುಂದೆ ಉಗಿದರು. ನಾಚಿಕೆಯೇನೋ ಆಯಿತು. ಆದರೆ ನಮ್ಮ ಕಡೆ ಹುಟ್ಟಿದ ತಾರೀಖು ಯಾರಿಗೆ ಗೊತ್ತು? ಕೇಳಿದರೆ "ದೊಡ್ಡ ಮಳೆ ಉಯ್ತಲ್ಲ, ಆ ವರ್ಸ" ಅನ್ನುತ್ತಾರೆ. ಶಾಲೆಯಲ್ಲೇ ತಲೆಯ ಮೇಲಿಂದ ಕೈ ಹಾಯಿಸಿ ಆಚೆಯ ಕಿವಿ ಮುಟ್ಟಿದರೆ ಆರು ವರ್ಷ ಎಂದು ಬರೆದುಕೊಳ್ಳುತ್ತಿದ್ದರು. ನಾನೇನು ಕಮ್ಮಿ? ಅಂಗಡಿಯ ಕಂಬದ ಮೇಲೆ, ನನ್ನ ಮೀಸೆಯ ಎತ್ತರಕ್ಕೆ ಸುಣ್ಣದ ಗೆರೆ ಎಳೆದೆ. ಗೆರೆ ಮುಟ್ಟದವರು ಸ್ಕೂಲಿನಿಂದ ವಯಸ್ಸಿನ ಚೀಟಿ ತರಬೇಕು. ಮೇಷ್ಟ್ರು ಮೆಚ್ಚಿದರು, ನಾನು ಉಬ್ಬಿಹೋದೆ.

ಒಂದು ಸಂತೆಯ ದಿನ ಗೆರೆಗಿಂತ ಗೇಣು ಕುಳ್ಳಗಿನ, ಎಳಸು ಮುಖದವಳೊಬ್ಬಳು ಬಂದಳು. ಹೆಸರು ಚೆನ್ನಿ, ಬೀಚನಹಳ್ಳಿ ಅಣೆಕಟ್ಟಿನ ಕೆಲಸದಲ್ಲಿ ಮಣ್ಣು ಹೊರುವವಳು ಎಂಬುದೆಲ್ಲ ಆಮೇಲೆ ತಿಳಿದದ್ದು. "ಅಣ್ಣ, ನಮ್ಮವ್ವುಂಗೆ ಒಂಚೂರು ಒಗೆಸೊಪ್ಪು ಕೊಡಿ" ಅಂದಳು. ಬೀಡಿಗೆ ಬರುವ ಹುಡುಗರೆಲ್ಲ ಅಪ್ಪನಿಗೆ, ತಾತನಿಗೆ ಅನ್ನುವವರೇ. "ಚೀಟಿ ತಕ್ಕಂಡ್ ಬಾ ಮಗ" ಅಂದೆ.

"ನಾನು ಇಸ್ಕೂಲ್ ಕಂಡೋಳಲ್ಲ ಕಣಣ್ಣ. ನನ್ಗಿಂತ ಎತ್ರದ ಮಗ ಅವ್ನೆ ನಂಗೆ."

"ಮೊಮ್ಮಕ್ಕಳು ಇಲ್ವೇನವ್ವ?" ಅಂದೆ. ಬಸ್ಸಿಗೆ ಕಾದಿದ್ದವರೆಲ್ಲ ಘೊಳ್ಳೆಂದು ನಕ್ಕರು. ಅಷ್ಟಕ್ಕೇ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಅಕ್ಕಪಕ್ಕದ ಅಂಗಡಿಯವರಿಗೂ "ಈ ಉಡ್ಗಿಗೆ ಕೊಟ್ಟೀರಾ, ಉಷಾರು ಕಣ್ರಪ್ಪ" ಎಂದು ಕೂಗಿ ಹೇಳಿದೆ. ಅವಳು ಬರಿಗೈಲಿ ಬಸ್ಸು ಹತ್ತಿದಳು.

ಎರಡು ವಾರ ಕಳೆದು ಮತ್ತೆ ಬಂದಳು. ಜೊತೆಗೆ ಚಿಗುರುಮೀಸೆಯ ಉದ್ದನೆಯ ಹುಡುಗ. "ಇವ್ನೇ ಕಣಣ್ಣ ನನ್ ಮಗ. ಚೀಟಿ ಬದ್ಲು ಇವ್ನ ಕರ್ಕಂಡ್ ಬಂದಿವ್ನಿ. ಈಗ್ಲಾದ್ರೂ ಕೊಡಿ."

ನಗುವೂ ಬಂತು, ನಾಚಿಕೆಯೂ ಬಂತು. "ತಪ್ಪಾಯ್ತು ಬುಡವ್ವ. ಎಂಗವ್ಳೆ ನಿಮ್ಮವ್ವ?" ಅಂದೆ.

"ವೋದ್ಲು. ಮೂರು ದಿನ ಒಗೆಸೊಪ್ಪು, ಒಗೆಸೊಪ್ಪು ಅಂತಾನೇ ಇದ್ಲು. ನಾಳೆ ತಿಥಿ. ಎಡೆಗೆ ಇಕ್ಬೇಕು."

ಇಡೀ ಕಂತೆಯನ್ನೇ ಎತ್ತಿ ಕೊಟ್ಟೆ. ಅವಳು ಅದರಲ್ಲಿ ಒಂದು ಎಲೆ ಹಿರಿದುಕೊಂಡು ಉಳಿದದ್ದನ್ನು ಹಲಗೆಯ ಮೇಲಿಟ್ಟಳು. "ಅವ್ವ ಕೇಳಿದ್ದು ಇಷ್ಟೇಯ" ಅಂದಳು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

ನನಗಾಗ ನಲವತ್ತೆಂಟು. ಅದಕ್ಕೆ ನನ್ನ ಹತ್ತಿರ ನಾನು ಓದಿದ ಸ್ಕೂಲಿನ ಸರ್ಟಿಫಿಕೇಟಿತ್ತು, ಕೆಳಗೆ ಹೆಡ್‌ಮೇಷ್ಟ್ರ ಸಹಿಯೂ ಇತ್ತು. ವಯಸ್ಸಾದೋರು ಮಾಡೋ ಕೆಲ್ಸವೇನಣ್ಣ ಇದು, ಎಲ್ಲಿ ನಿಮ್ ಚೀಟಿ ತೋರ್ಸಿ ಎಂದು ಚೆನ್ನಿ ಕೇಳಿದ್ದರೆ, ಅದನ್ನು ತೆಗೆದು ತೋರಿಸುವ ಮುಖ ನನಗಿರಲಿಲ್ಲ.