ಚಿಗವ್ವನ ಪರಿಶೀಲನೆ

ದಾವಣಗೆರೆಯಲ್ಲಿ ಭಾಷಣ ಮಾಡುವವರಿಗೆ ಬರವಿಲ್ಲ. ಆದರೆ ಬಜೆಟ್ ಸಭೆಗೆ ರೇಷ್ಮೆ ಸೀರೆ ಉಟ್ಟುಕೊಂಡು ಹೋಗುವವಳು ನಮ್ಮ ಚಿಗವ್ವ ಒಬ್ಬಳೇ! ಅಮ್ಮನ ತಂಗಿ; ನಮ್ಮ ಮನೆಯ ಅಡುಗೆಯೂ ಅವಳದೇ. ಬಜೆಟ್‌ಗೆ ಮೊದಲು ಪಾಲಿಕೆಯವರು ಸಾರ್ವಜನಿಕರ ಸಲಹೆ ಕೇಳಲು ಸಭೆ ಕರೆಯುತ್ತಾರಲ್ಲ, ಆ ದಿನ ನಮ್ಮ ಮನೆಯಲ್ಲಿ ತಿಂಡಿಗೂ ಗತಿಯಿಲ್ಲ.

ಉಳಿದವರು ರಸ್ತೆ, ಚರಂಡಿ, ಪಾರ್ಕು ಎಂದು ಏನೇನೋ ಕೇಳುತ್ತಾರೆ. ಚಿಗವ್ವನದು ಪ್ರತಿ ವರ್ಷವೂ ಒಂದೇ ಬೇಡಿಕೆ: ಕುಕ್ಕುವಾಡ, ಲೋಕಿಕೆರೆ ಕಡೆಯಿಂದ ಸೊಪ್ಪು ಮಾರಲು ಬರುವ ಹೆಂಗಸರಿಗೆ ಸಂತೆಕಟ್ಟೆಯಲ್ಲಿ ಒಂದು ಶೌಚಾಲಯ.

"ಪರಿಶೀಲಿಸ್ತೀವಿ ಬಿಡ್ರಿ ಅಮ್ಮ" ಎನ್ನುತ್ತಿದ್ದರು ಪಾಲಿಕೆಯ ಸಾಹೇಬರು. ಒಂದು ವರ್ಷ ಚಹಾ ಕುಡಿದ ಮೇಲೆ ಸಾಹೇಬರು ಅವಸರದಲ್ಲಿ ಎದ್ದು ಹೋದರೆ, ಪಾಲಿಕೆ ಕಚೇರಿಯ ಶೌಚಾಲಯದ ಬಾಗಿಲಿಗೆ ಅಡ್ಡಲಾಗಿ ಕುರ್ಚಿ ಹಾಕಿಕೊಂಡು ಕುಳಿತಿದ್ದಾಳೆ ಚಿಗವ್ವ!

"ಅಮ್ಮ, ಸ್ವಲ್ಪ ದಾರಿ ಬಿಡ್ರಿ."

"ಪರಿಶೀಲನೆ ನಡದೈತ್ರಿ. ಮುಂದಿನ ವರ್ಷ ಬರ್ರಿ."

ಸಾಹೇಬರ ಮುಖ ನೋಡಬೇಕಿತ್ತು! ನಾನು ಕಂಬದ ಮರೆಗೆ ಸರಿದೆ. ಇಂಥವಳ ಜೊತೆ ಬಂದವನು ಎಂದು ಯಾರು ತಾನೇ ಒಪ್ಪಿಕೊಳ್ಳುತ್ತಾರೆ?

ಇನ್ನೊಮ್ಮೆ ಹರಿಹರದಲ್ಲಿ ನೆಂಟರ ಗೃಹಪ್ರವೇಶ. ದಾರಿಯಲ್ಲಿ ನಗರಸಭೆಯ ಬಜೆಟ್ ಸಭೆಯ ಬ್ಯಾನರ್ ಕಂಡದ್ದೇ ತಡ, ಚಿಗವ್ವ ಆಟೋ ನಿಲ್ಲಿಸಿ ಒಳಗೆ ನುಗ್ಗಿ ಮೈಕ್ ಹಿಡಿದಳು. "ನೀವು ಈ ಊರಿನೋರಲ್ಲಲ್ರಿ" ಎಂದು ಯಾರೋ ಆಕ್ಷೇಪಿಸಿದರು.

"ನಮ್ಮೂರ ಹೆಣ್ಮಕ್ಕಳನ್ನ ನಿಮ್ಮೂರಿಗೆ ಕೊಟ್ಟೀವಲ್ರಿ! ತವರು ಮನಿಯೋರು ಅವರ ಕಷ್ಟ ಸುಖ ಕೇಳಬಾರದೇನು?"

ಸಭೆ ಚಪ್ಪಾಳೆ ತಟ್ಟಿತು. ನಮಗೆ ಹೋಳಿಗೆ ಊಟ ತಪ್ಪಿತು.

ಅಂತೂ ಈ ಸಲ ನಮ್ಮೂರಲ್ಲಿ ಹಣ ಮಂಜೂರಾಯಿತು, ಶೌಚಾಲಯವೂ ಎದ್ದಿತು. ಉದ್ಘಾಟನೆಯ ದಿನ ಸಾಹೇಬರೇ "ಎಲ್ಲಿ ನಿಮ್ಮ ಚಿಗವ್ವ? ಅವರಿಲ್ಲದೆ ರಿಬ್ಬನ್ ಕತ್ತರಿಸೋದು ಹೆಂಗ್ರಿ?" ಎಂದರು. ಹುಡುಕಿದೆ. ಹಳೇ ಸೀರೆ ಉಟ್ಟು, ಸೊಪ್ಪಿನ ಸಾಲಿನ ನಡುವೆ ಕೊಡದಲ್ಲಿ ನೀರಿಟ್ಟುಕೊಂಡು ನಿಂತಿದ್ದಳು.

"ಇಲ್ಲೇನು ಮಾಡ್ತಿದೀಯ ಚಿಗವ್ವ? ಅಲ್ಲಿ ಎಲ್ಲಾರೂ ಕಾಯ್ತಿದಾರೆ."

"ನಮ್ಮವ್ವ ಇದೇ ಜಾಗದಾಗ ಕುಂತು ಸೊಪ್ಪು ಮಾರ್ತಿದ್ಲು. ಮಾರಿ ಮನಿಗೆ ಬರೋತನ ಒಂದು ತೊಟ್ಟು ನೀರು ಮುಟ್ಟತಿರಲಿಲ್ಲ. ಕುಡಿದ್ರೆ ಹೋಗೋದೆಲ್ಲಿಗೆ? ನಮ್ಮವ್ವಗೆ ನೀರಡಿಕೇನೆ ಆಗಲ್ಲ ಅಂದ್ಕಂಡಿದ್ವಿ ನಾವು. ಕೊನಿಗೆ ಕಿಡ್ನಿ ಕೆಟ್ಟು ಹೋದ್ಲು."

ಅಜ್ಜಿ ಕಾಯಿಲೆಯಿಂದ ಸತ್ತಳೆಂದಷ್ಟೇ ನನಗೆ ಗೊತ್ತಿತ್ತು.

ಚಿಗವ್ವ ಮೆಂತ್ಯದ ಕಟ್ಟು ಜೋಡಿಸುತ್ತಿದ್ದ ಮುದುಕಿಯ ಮುಂದೆ ಲೋಟ ಹಿಡಿದಳು. ಮುದುಕಿ ಅಭ್ಯಾಸದಂತೆ "ಬ್ಯಾಡವ್ವ" ಎಂದು ತಲೆಯಾಡಿಸಿ, ಆಮೇಲೆ ಹೊಸ ಕಟ್ಟಡದ ಕಡೆ ನೋಡಿ, ಲೋಟ ತೆಗೆದುಕೊಂಡು ಗಟಗಟ ಕುಡಿದಳು. ಇಷ್ಟು ವರ್ಷ ಮೈಕಿನ ಮುಂದೆ ಗುಡುಗಿದ ನಮ್ಮ ಚಿಗವ್ವ ಮೆಲ್ಲಗೆ ಕೇಳಿದಳು.

"ಇನ್ನೊಂದು ಲೋಟ ಹಾಕ್ಲೇನವ್ವ?"