ನಿಂತಲ್ಲಿ ನಿಲ್ಲದ ಗಾಡಿ

ಮೊಮ್ಮಗಳು ಹುಟ್ಟಿದ ಮೇಲೂ ಮನುಷ್ಯನಿಗೆ ಬುದ್ಧಿ ಉಳಿಯುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನನಗೆ ಮೊದಲೇ ಇದ್ದದ್ದು ಸ್ವಲ್ಪ. ನಾಲ್ಕನೇ ಇಯತ್ತೆಗೇ ಪಾಟಿ ಕೆಳಗಿಟ್ಟವನು. ಆ ಸ್ವಲ್ಪವನ್ನೂ ನಮ್ಮ ಪಾರು ಕಸಿದುಕೊಂಡಳು. ಆಕೆಗೆ ಹಲ್ಲು ಬಂದಾಗ ಓಣಿಗೆಲ್ಲ ಪೇಢೆ ಹಂಚಿದೆ. ಮೊದಲ ಸಲ ‘ಅಜ್ಜಾ’ ಅಂದ ದಿನ ಮತ್ತೆ ಪೇಢೆ ತರಲು ಹೋಗಿ, ಸಂತೋಷ ತಡೆಯದೆ ಅಂಗಡಿಯಲ್ಲಿ ನಿಂತವರಿಗೇ ಎಲ್ಲ ಹಂಚಿ ಬರಿಗೈಲಿ ಮನೆಗೆ ಬಂದೆ.

ಈಗ ಆಕೆ ಬಾಲವಾಡಿಗೆ ಹೋಗುವಷ್ಟು ದೊಡ್ಡವಳು. ನನ್ನ ಹಳೇ ಮೋಟಾರ್ ಸೈಕಲ್ ಮೇಲೆ ನಾನೇ ಕರೆದೊಯ್ಯುತ್ತೇನೆ ಅಂತ ಮಾತು ಕೊಟ್ಟಿದ್ದೆ. ಮುಂದೆ ಪೆಟ್ರೋಲ್ ಟಾಕಿ ಮೇಲೆ ಕೂತು ನೋಡಿದವಳು ಹ್ಯಾಂಡಲ್ ಚುಚ್ಚುತ್ತದೆ ಅಂದಳು. ನಮ್ಮಾಕಿ, ಪಾರೂನ ಅಜ್ಜಿ, ಮೊಮ್ಮಗಳಿಗೆ ಹೊಲಿದ ಕೌದಿಯ ತುಂಡುಗಳು ಉಳಿದಿದ್ದವು: ಹಳೇ ಇಳಕಲ್ ಸೀರೆ, ನನ್ನ ಧೋತರ, ಪದರದ ಮೇಲೆ ಪದರ. ಅವನ್ನೇ ಹ್ಯಾಂಡಲ್ಲಿಗೆ ಈ ತುದಿಯಿಂದ ಆ ತುದಿವರೆಗೆ ಸುತ್ತಿ ಕಟ್ಟಿದೆ. ಪುಣೆಯಲ್ಲಿ ಅಷ್ಟು ಮೆತ್ತಗಿನ ಹ್ಯಾಂಡಲ್ ಇನ್ನೊಂದಿರಲಿಲ್ಲ.

ಅದೇ ವಾರ ಗಾಡಿ ಕೆಟ್ಟಿತು. ಕಾತ್ರಜ ಚೌಕದ ಸಿಗ್ನಲ್ಲಿನಲ್ಲಿ ಕ್ಲಚ್ ಬಿಗಿಯಾಗಿ ಹಿಡಿದು ನಿಂತರೂ ಮೆಲ್ಲಗೆ ಮುಂದೆ ಸರಿಯಿತು. ನ್ಯೂಟ್ರಲ್ಲಿಗೆ ಹಾಕೋಣ ಅಂದರೆ ಬೀಳಲೊಲ್ಲದು. ಹೋಗಿ ಮುಂದಿದ್ದ ರಿಕ್ಷಾಕ್ಕೆ ಮುತ್ತು ಕೊಟ್ಟಿತು. ಹಿಂದೆ ಕೂತಿದ್ದ ಸೊಸೆ ಇಳಿದಳು.

“ಮಾವಾರ, ಪಾರೂನ ಇದರ ಮ್ಯಾಲೆ ಕಳಸೂದಿಲ್ರಿ. ರಿಕ್ಷಾದವಗ ಹೇಳ್ತೀನಿ.”

ಸೋಮವಾರ ಬಾಲವಾಡಿ ಶುರು. ನನ್ನ ಎದೆ ಒಡೆಯಿತು. ಚಾಕಣದ ಕಾರ್ಖಾನೆಯಲ್ಲಿ ಕ್ಲಚ್ ಪ್ಲೇಟುಗಳನ್ನು ಡಬ್ಬಿಗೆ ತುಂಬುತ್ತಲೇ ವಯಸ್ಸು ಕಳೆದವನು ನಾನು. ಅವು ಗಾಡಿಯೊಳಗೆ ಏನು ಮಾಡುತ್ತವೆ ಅಂತ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮನೆ ಮುಂದೆ ದೊಡ್ಡ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್ಲಿನಲ್ಲಿ ಶುರು ಮಾಡಿದರೆ ಹಿಂದಿನ ಗಾಲಿ ತನ್ನಷ್ಟಕ್ಕೆ ತಿರುಗುತ್ತಿದೆ. ಗೇರಿಲ್ಲದೆ ಗಾಲಿ ತಿರುಗಿದ ಮೇಲೆ ಇನ್ನೇನು ಉಳಿಯಿತು ಅಂತ ಕಟ್ಟೆಯ ಮೇಲೆ ತಲೆ ಮೇಲೆ ಕೈ ಹೊತ್ತು ಕೂತೆ.

ಗ್ಯಾರೇಜಿಗೆ ಹೊರಟೆ. ಮಿಸ್ತ್ರಿಯ ಎಣ್ಣೆಗೈ ಪಾರೂನ ಕೌದಿಗೆ ತಾಗಬಾರದೆಂದು ಅದನ್ನು ಬಿಚ್ಚಿ, ಮಡಚಿ, ಮನೆಯಲ್ಲಿಟ್ಟೇ ಹೋದೆ. ಮಿಸ್ತ್ರಿ ತಿರುಗುವ ಗಾಲಿಗೆ ಚಪ್ಪಲಿ ತಾಗಿಸಿದ, ನಿಂತಿತು. ಇದು ಒಳಗಿನ ಆಯಿಲ್ ಎಳೆಯೋದು, ತಣ್ಣಗಿದ್ದಾಗ ಎಲ್ಲ ಗಾಡಿಗಳದ್ದೂ ಇದೇ ಕಥೆ ಅಂದ. ಗೇರಿಗೆ ಹಾಕಿ, ಕ್ಲಚ್ ಹಿಡಿದು, ಮತ್ತೆ ಚಪ್ಪಲಿ ತಾಗಿಸಿದ, ಆಗಲೂ ನಿಂತಿತು. “ಕಾಕಾ, ಗಾಡಿ ಏಕದಮ್ ಠೀಕ್ ಆಹೆ” ಅಂತ ಮರಾಠಿಯಲ್ಲಿ ತೀರ್ಪು ಕೊಟ್ಟ.

ಖುಷಿಯಿಂದ ಮನೆಗೆ ಬಂದು, ಕೌದಿ ಕಟ್ಟಿ, ಒಂದು ಸುತ್ತು ಹೋದೆ. ಮತ್ತೆ ಸರಿಯಿತು. ಮತ್ತೆ ಬಿಚ್ಚಿದೆ, ಮತ್ತೆ ಗ್ಯಾರೇಜು. ಸಾಲಿ ತಪ್ಪಿಸುವ ಹೊಟ್ಟೆನೋವು ಡಾಕ್ಟರರ ಮುಂದೆ ಮಾಯವಾಗುವ ಹಾಗೆ, ಅಲ್ಲಿ ಗಾಡಿ ಸಾಧುವಾಗಿ ನಿಂತಿತು. ನನ್ನ ಕಾಟಕ್ಕೆ ಮಿಸ್ತ್ರಿ ಕೇಬಲ್ ಬಿಗಿ ಮಾಡಿದ, ಆಯಿಲ್ ಬದಲಿಸಿದ. ಮುಂದಿನ ಸಲ ಗಾಡಿ ಬಿಟ್ಟು ನನ್ನ ಆರೋಗ್ಯ ವಿಚಾರಿಸಿದ. ಮಗ ಗುಜರಿಗೆ ಹಾಕೋಣ ಅಂದ. ದೇವರಿಗೆ ಬೇಡಿಕೊಂಡೆ, ದೇವರಿಗೆ ಕ್ಲಚ್ ಗೊತ್ತಿರಲಿಕ್ಕಿಲ್ಲ.

ರವಿವಾರ ಸಂಜೆ ಮತ್ತೆ ಕೌದಿ ಬಿಚ್ಚುತ್ತಿದ್ದಾಗ ನಮ್ಮಾಕಿ ಸೊಪ್ಪು ಸೋಸುತ್ತ ನೋಡುತ್ತಿದ್ದಳು.

“ಹೋಗುವಾಗ ಬಿಚ್ತೀರಿ, ಬಂದಮ್ಯಾಲೆ ಕಟ್ತೀರಿ. ಬಿಚ್ಚಿದಾಗ ಆರಾಮ, ಕಟ್ಟಿದಾಗ ರೋಗ. ಗಾಡಿ ಯಾಕ ಬೈತೀರಿ?”

ಕ್ಲಚ್ ಹಿಡಿದು ನೋಡಿದೆ. ಹಿಡಿಕೆ ಅರ್ಧ ದಾರಿಗೇ ಕೌದಿಗೆ ತಾಗಿ ನಿಂತಿತು. ಪ್ಲೇಟುಗಳು ಬಿಟ್ಟು ಗಾಲಿ ನಿಲ್ಲಬೇಕಾದರೆ ಅದು ಪೂರ್ತಿ ಒಳಗೆ ಬರಬೇಕು ಅಂತ ಮಿಸ್ತ್ರಿ ಕೇಬಲ್ ಬಿಗಿ ಮಾಡುವಾಗ ಹೇಳಿದ್ದು ಆಗ ನೆನಪಾಯಿತು. ನನ್ನ ಪ್ರೀತಿ ನಡುವೆ ಕೂತಿತ್ತು, ಅದೂ ಏನು ದಪ್ಪ!

ಕೌದಿ ಪೂರ್ತಿ ಬಿಚ್ಚಿ, ಸೊಸೆಯನ್ನು ಹಿಂದೆ ಕೂರಿಸಿಕೊಂಡು ಚೌಕದಲ್ಲಿ ಕಂಬದ ಹಾಗೆ ನಿಂತು ತೋರಿಸಿದೆ. ಒಪ್ಪಿದಳು. ಸೋಮವಾರ ಪಾರು ಹೊಸ ಫ್ರಾಕು ಹಾಕಿಕೊಂಡು ಬಂದು, ಬೋಳು ಹ್ಯಾಂಡಲ್ ನೋಡಿ ನಿಂತುಬಿಟ್ಟಳು.

“ಅಜ್ಜಾ, ಗಾಡಿಗಿ ಥಂಡಿ ಆಗೂದಿಲ್ಲೇನು?”

ಕೌದಿ ಟಾಕಿಗೆ ಹೊದಿಸಿದೆ. ಅದು ಗಾಡಿಯ ಹೊಟ್ಟೆಯಂತೆ, ಥಂಡಿ ಆಗುವುದು ಅದರ ಕೈಗಂತೆ. ಹತ್ತಲೊಲ್ಲಳು. ಓಣಿಯ ಮೂಲೆಯಲ್ಲಿ ರಿಕ್ಷಾದವನ ಹಾರ್ನು ಕೇಳಿಸಿತು. ಕೊನೆಗೆ ಕೌದಿಯನ್ನು ನನ್ನ ಕೊರಳಿಗೆ ಸುತ್ತಿಕೊಂಡು, ಅಜ್ಜ ಬೆಚ್ಚಗಿದ್ದರೆ ಗಾಡಿಯೂ ಬೆಚ್ಚಗಿರುತ್ತದೆ ಅಂದೆ. ಯೋಚನೆ ಮಾಡಿ ಹತ್ತಿದಳು.

ಈಗ ದಿನಾಲೂ ಹಾಗೇ ಹೋಗುತ್ತೇವೆ. ಬಾಲವಾಡಿಯ ಮುಂದೆ, ಸುಡು ಸೆಕೆಯಲ್ಲಿ, ಕಾಕಾಗೆ ಜ್ವರವೇನು ಅಂತ ತಾಯಂದಿರು ಕೇಳುತ್ತಾರೆ. ಬೆವರು ಒರೆಸಿಕೊಂಡು ಹೌದು ಅನ್ನುತ್ತೇನೆ.